ಬುರುಡೆಯೊಳಗಿನ ಬೆಳಕು

ಮೈಸೂರಿನಲ್ಲಿರುವ ನನ್ನ ಸಹಪಾಠಿಯೊಬ್ಬರು ಈಚೆಗೆ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶದ ಹೋಮ ಮುಗಿದು, ಪುರೋಹಿತರು ದಕ್ಷಿಣೆ ಪಡೆದು ಹೊರಟ ಮೇಲೆ, ಸ್ನೇಹಿತರಾದ ನಾವು ನಾಲ್ಕೈದು ಮಂದಿಗೆ ಮಾತ್ರ ಮಹಡಿಯ ಮೇಲಿನ ಒಂದು ಕೋಣೆಯ ಬಾಗಿಲು ತೆರೆಯಿತು. ಗೋಡೆಗೆ ಬಿದಿರಿನ ತಟ್ಟಿ. ಮೂಲೆಯಲ್ಲಿ ಹಲ್ಲು ಕಿರಿಯುವ ಮರದ ಬೊಂಬೆ. ಪಾನೀಯಗಳಿಗೆಂದು ಒಂದು ಕಟ್ಟೆ. ಚಾವಣಿಯಿಂದ ತೆಂಗಿನಕಾಯಿಗಿಂತ ತುಸು ದೊಡ್ಡದಾದ ಒಂದು ಗುಂಡು ದೀಪ ತೂಗುತ್ತಿತ್ತು. ಅದರ ಮೈತುಂಬ ಮುಳ್ಳು. ಹತ್ತಿರ ಹೋಗಿ ನೋಡಿದರೆ ಎರಡು ಗಾಜಿನ ಕಣ್ಣುಗಳು ನನ್ನನ್ನೇ ದಿಟ್ಟಿಸುತ್ತಿದ್ದವು!

“ಹೆದರಬೇಡಿ, ಅದು ಮೀನು” ಎಂದರು ಗೆಳೆಯರು.

ಅದು ನಿಜವಾದ ಮೀನೇ ಆಗಿತ್ತು. ಅಪಾಯ ಬಂದಾಗ ನೀರು ಕುಡಿದು ಚೆಂಡಿನಂತೆ ಊದಿಕೊಳ್ಳುವ ಪಫರ್ ಮೀನಿನ ಜಾತಿಯದು. ಒಳಗಿನ ಮಾಂಸವನ್ನೆಲ್ಲ ತೆಗೆದು, ಚರ್ಮವನ್ನು ಊದಿಸಿ ಒಣಗಿಸಿ, ಹೊಟ್ಟೆಯೊಳಗೆ ದೀಪವಿಡುತ್ತಾರೆ. ಜಪಾನಿನಲ್ಲಿ ಇದರ ಹೆಸರು ಫುಗು ಚೋಚಿನ್. ಫುಗು ಮೀನಿಗೆ ಹೆಸರಾದ ಶಿಮೊನೊಸೆಕಿಯ ಕಡೆ ಪ್ರವಾಸಿಗಳು ಇದನ್ನು ನೆನಪಿಗಾಗಿ ಕೊಳ್ಳುತ್ತಾರೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೆಸಿಫಿಕ್ ದ್ವೀಪಗಳ ಸೊಗಸನ್ನು ಅನುಕರಿಸುವ ಪಾನಗೃಹಗಳು ಹುಟ್ಟಿಕೊಂಡವು. ಆ ದ್ವೀಪಗಳ ಮರದ ವಿಗ್ರಹಗಳಿಂದ ಅವುಗಳಿಗೆ ‘ಟಿಕಿ’ ಎಂಬ ಹೆಸರು ಬಂದಿತು. ಮೀನಿನ ದೀಪ ಅಲ್ಲಿನ ಅಲಂಕಾರವಾಗಿ ನೆಲೆಯಾಯಿತು. ಈಗ ಮೈಸೂರಿಗೂ ಬಂದಿದೆ.

ಹುಣಸೂರಿಗೆ ಹಿಂದಿರುಗಿ ತಾಯಿಯವರ ಮುಂದೆ ಈ ವಿಚಿತ್ರವನ್ನು ಬಣ್ಣಿಸಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ, “ಸತ್ತ ಮೀನಿನ ಹೊಟ್ಟೆಗೆ ದೀಪ ಯಾಕಪ್ಪಾ? ನಿಮ್ಮಜ್ಜಿ ಬುರುಡೆ ಊರಲ್ಲಿ ತೂಗ್ತಾ ಇಲ್ಲವಾ?” ಎಂದರು.

ಒಂದು ಮಾತು, ಹಲವು ಅರ್ಥ

ತಾಯಿಯವರ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಕನ್ನಡದಲ್ಲಿ ಬುರುಡೆಯೆಂದರೆ ಒಣಗಿದ ಸೋರೆಯ ಚಿಪ್ಪು; ತಲೆಯ ಓಡೂ ಬುರುಡೆಯೇ. ಇಲ್ಲದ್ದನ್ನು ಇದೆಯೆಂದು ಹೇಳುವವನು ‘ಬುರುಡೆ ಬಿಡುತ್ತಾನೆ’. ನಮ್ಮ ಹಳ್ಳಿಗಳಿಗೆ ವಿದ್ಯುತ್ತು ಬಂದಾಗ ಆ ಗಾಜಿನ ಗೋಳಕ್ಕೆ ಜನ ಕೊಟ್ಟ ಹೆಸರೂ ಬುರುಡೆಯೇ. ‘ಲೈಟಿನ ಬುರುಡೆ ಹೋಯಿತು’ ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ಸೋರೆಗೂ ದೀಪಕ್ಕೂ ನಂಟು ಹಾಕುವ ಕೆಲಸವನ್ನು ನಮ್ಮ ನುಡಿ ಎಂದೋ ಮಾಡಿ ಮುಗಿಸಿತ್ತು!

ಸೋರೆ ಬಹು ಪುರಾತನವಾದ ಬಳ್ಳಿ. ಆಫ್ರಿಕ ಇದರ ತವರು. ಅಮೆರಿಕ ಖಂಡದಲ್ಲಿ ಸುಮಾರು 10,000 ವರ್ಷಗಳ ಹಿಂದೆಯೇ ಇದು ಬಳಕೆಯಲ್ಲಿತ್ತು. ಆಫ್ರಿಕದ ಕಾಯಿಗಳು ಅಟ್ಲಾಂಟಿಕ್ ಸಾಗರದಲ್ಲಿ ತೇಲಿಕೊಂಡೇ ಅಲ್ಲಿಗೆ ತಲಪಿರಬೇಕೆಂದು 2014ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆ ಸೂಚಿಸಿತು. ಉಪ್ಪುನೀರಿನಲ್ಲಿ ಏಳು ತಿಂಗಳಿಗೂ ಮಿಕ್ಕಿ ತೇಲಿದ ಕಾಯಿಯ ಬೀಜಗಳು ಮೊಳೆತದ್ದನ್ನು ಅದಕ್ಕೂ ಮೊದಲೇ ಪ್ರಯೋಗಗಳು ತೋರಿಸಿದ್ದವು. ಹಲವೆಡೆ ಮಣ್ಣಿನ ಮಡಕೆಯನ್ನು ಮನುಷ್ಯ ಮಾಡುವುದಕ್ಕೆ ಮುನ್ನ ಬಳ್ಳಿಯೇ ಅವನಿಗೆ ಪಾತ್ರೆಯನ್ನು ಕೊಟ್ಟಿತ್ತು.

ನಾಲ್ಕು ತಾಲ್ಲೂಕುಗಳ ಬುರುಡೆ

ನಮ್ಮ ಸೀಮೆಯಲ್ಲಿ ಈ ಪಾತ್ರೆಗೆ ಎಷ್ಟು ಬಗೆಯ ಉಪಯೋಗಗಳಿದ್ದವು! ಕೃಷ್ಣರಾಜನಗರದ ಕಡೆ ಹುಟ್ಟಿದ ನಾನು ಕಾವೇರಿಯ ನಾಲೆಯಲ್ಲಿ ಈಜು ಕಲಿತದ್ದು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು. ಬುರುಡೆ ನಮ್ಮನ್ನು ಮುಳುಗಿಸದೆಂಬ ಧೈರ್ಯದಲ್ಲಿ ನಾವು ಅಪ್ಪಂದಿರ ಬೈಗುಳಕ್ಕೂ ಹೆದರುತ್ತಿರಲಿಲ್ಲ. ಪಿರಿಯಾಪಟ್ಟಣ, ಹುಣಸೂರುಗಳ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಗೋಡೆಗೂ ಬೇಲಿಗೂ ಸೋರೆಬಳ್ಳಿ ಹಬ್ಬುತ್ತಿತ್ತು. ಹೊಲವೆಲ್ಲ ಹೊಗೆಸೊಪ್ಪಿನದಾದರೂ ಬೇಲಿ ಮಾತ್ರ ಹೆಂಗಸರದು. ಅಲ್ಲಿ ಬೆಳೆದದ್ದು ಅಡುಗೆಮನೆಗೆ, ಬಲಿತದ್ದು ಅಟ್ಟಕ್ಕೆ.

ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಿನಲ್ಲಿ ಜೇನುಕುರುಬರಿಗಂತೂ ಬುರುಡೆ ಸಂಸಾರದ ಸಂಗಾತಿಯಾಗಿತ್ತು. ಹೆಜ್ಜೇನು ಕಿತ್ತಾಗ ತುಪ್ಪ ತುಂಬುವುದಕ್ಕೆ, ದೂರದ ತೊರೆಯಿಂದ ನೀರು ತರುವುದಕ್ಕೆ, ರಾಗಿಯ ಬೀಜವನ್ನು ಮುಂದಿನ ಮಳೆಗಾಲಕ್ಕೆ ಕಾಪಾಡುವುದಕ್ಕೆ ಅದೇ ಬುರುಡೆ. ಹಾಡಿ ಕುಣಿಯುವಾಗ ತಾಳಕ್ಕೂ ಅದೇ. ಮೇ ತಿಂಗಳಲ್ಲಿ ಕೊಡಗಿನ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬವನ್ನು ಕಂಡವರು ಆ ನಾದವನ್ನು ಮರೆಯಲಾರರು. ವೇಷ ತೊಟ್ಟವರು ಬುರುಡೆ ಬಡಿಯುತ್ತ ದೇವರನ್ನೂ ಬಿಡದೆ ಬೈಯುವ ಹಬ್ಬವದು. ಈಚೀಚೆಗೆ ಅಲ್ಲಿ ಬುರುಡೆಗಳ ನಡುವೆ ಪ್ಲಾಸ್ಟಿಕ್ ಡಬ್ಬಗಳ ಸದ್ದೂ ಕೇಳಿಬರುತ್ತದೆ.

ಪ್ಲಾಸ್ಟಿಕ್ಕು ಬಂದದ್ದು ಒಂದು ಕಾರಣವಷ್ಟೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಪೂರ್ಣಗೊಂಡು ತಗ್ಗಿನ ಊರುಗಳು ಮುಳುಗಿದವು. 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಒಂದೊಂದು ಹೆಜ್ಜೆಗೂ ಹಾಡಿಗಳು ಕಾಡಿನಿಂದ ಹೊರಕ್ಕೆ ಸರಿದವು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಮನೆಗಳೆದ್ದವು. ಜೇನು ಕೀಳುವ ಮರ ದೂರವಾದ ಮೇಲೆ ಜೇನು ತುಂಬುವ ಬುರುಡೆ ಯಾರಿಗೆ ಬೇಕು? ಬುರುಡೆ ಬೇಡವಾದ ಮೇಲೆ ಅದನ್ನು ಕೊಡುವ ದಪ್ಪಚಿಪ್ಪಿನ ನಾಟಿ ಸೋರೆಯನ್ನು ಯಾರು ಬಿತ್ತುತ್ತಾರೆ? ಸಂತೆಯಲ್ಲಿ ಈಗ ಮಾರುವ ಸೋರೆ ಎಳೆಯದರಲ್ಲೇ ಕೊಯ್ದು ಸಾರಿಗೆ ಹಾಕುವಂಥದು. ಒಣಗಿಸಲು ಹೋದರೆ ಸುಕ್ಕುಗಟ್ಟಿ ಒಡೆಯುತ್ತದೆ. ಬಳಕೆ ನಿಂತಲ್ಲಿ ಬೀಜವೂ ನಿಂತುಹೋಗುತ್ತದೆ.

ದೀಪ ಮಾಡುವ ಬಗೆ

ಹೀಗಿರುವಾಗ ಬುರುಡೆಗೆ ಹೊಸದೊಂದು ಬಳಕೆಯನ್ನು ಕೆಲವರು ಕಂಡುಕೊಂಡಿರುವುದು ಸಂತೋಷದ ಸಂಗತಿ. ಮೈಸೂರಿನ ‘ಕೃಷಿಕಲಾ’ ಸಂಸ್ಥೆ ಸೋರೆಬುರುಡೆಯಿಂದ ತೂಗುದೀಪಗಳನ್ನೂ ಅಲಂಕಾರದ ವಸ್ತುಗಳನ್ನೂ ಮಾಡುವ ಕುಶಲಕಲೆಯನ್ನು ಬೆಳೆಸುತ್ತಿದೆ. ಈ ಕೆಲಸವನ್ನು ಕಣ್ಣಾರೆ ನೋಡಬೇಕೆಂದು ನಾನು ಹುಣಸೂರು ತಾಲ್ಲೂಕಿನ ಒಂದು ಹಾಡಿಗೆ, ದೀಪ ಮಾಡುವುದನ್ನು ಕಲಿತಿದ್ದ ಹೆಣ್ಣುಮಗಳೊಬ್ಬಳ ಮನೆಗೆ ಹೋದೆ. ಊರಿನ ಹಳೆಯ ಮನೆಯನ್ನು ಕೆಡಹುವ ಸಮಯವಾಗಿದ್ದುದರಿಂದ ಅಜ್ಜಿಯ ಬುರುಡೆಯೂ ನನ್ನ ಚೀಲದಲ್ಲಿತ್ತು.

ಆಕೆ ವಿವರಿಸಿದ ಕ್ರಮ ಇದು: ಕಾಯಿಯನ್ನು ಬಳ್ಳಿಯಲ್ಲೇ ಬಲಿಯಲು ಬಿಡಬೇಕು. ತೊಟ್ಟು ಒಣಗಿದ ಮೇಲೆ ಒಂದು ಗೇಣು ತೊಟ್ಟಿನೊಡನೆ ಕೊಯ್ದು, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ತಿಂಗಳು ಇಡಬೇಕು. ಕಾಯಿ ದೊಡ್ಡದಾದರೆ ಇನ್ನೂ ಹೆಚ್ಚು ಕಾಲ ಬೇಕು. ಮೇಲೆ ಬೂಷ್ಟು ಹಿಡಿದರೆ ಗಾಬರಿಯಾಗಿ ಎಸೆಯಬಾರದು. ಮೆತ್ತಗಾಗಿ ಕುಸಿದದ್ದನ್ನು ಮಾತ್ರ ಎಸೆಯಬೇಕು. ಹಗುರವಾಗಿ, ಅಲ್ಲಾಡಿಸಿದರೆ ಬೀಜ ಸದ್ದು ಮಾಡಿದಾಗ ಬುರುಡೆ ಸಿದ್ಧ. ಅನಂತರ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ ಹೊರಸಿಪ್ಪೆಯನ್ನು ತೆಗೆಯಬೇಕು. ಬುಡವನ್ನು ಸಣ್ಣ ಗರಗಸದಿಂದ ವೃತ್ತಾಕಾರವಾಗಿ ಕೊಯ್ದು ತಿರುಳನ್ನು ಕೆರೆಯಬೇಕು. ಆ ಧೂಳು ಗಂಟಲಿಗೆ ಕೆಟ್ಟದ್ದು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಅವಶ್ಯ.

ಇದಾದ ಮೇಲೆ ಕಲೆ. ಸೀಸದ ಕಡ್ಡಿಯಿಂದ ಬಳ್ಳಿ, ನವಿಲು, ಚುಕ್ಕಿಯ ರಂಗೋಲಿ ಬರೆದುಕೊಂಡು, ಗೆರೆಯುದ್ದಕ್ಕೂ ಬೈರಿಗೆಯಿಂದ ಸಣ್ಣ ದೊಡ್ಡ ತೂತುಗಳನ್ನು ಕೊರೆಯುತ್ತಾರೆ. ಟರ್ಕಿ ದೇಶದ ಕುಶಲಿಗಳು ಆ ತೂತುಗಳಲ್ಲಿ ಬಣ್ಣದ ಮಣಿಗಳನ್ನು ಕೂರಿಸುವುದೂ ಉಂಟು. ಉಪ್ಪುಕಾಗದದಿಂದ ತಿಕ್ಕಿ ನಯಮಾಡಿ, ಮೆರುಗೆಣ್ಣೆ ಬಳಿದು, ತಂತಿ ಹೋಲ್ಡರ್‌ಗಳನ್ನು ಇಳಿಬಿಟ್ಟರೆ ದೀಪವಾಯಿತು. ಹಳೆಯ ಕಾಲದ ಬಲ್ಬು ಕಾದು ಚಿಪ್ಪನ್ನು ಕರಕಾಗಿಸುತ್ತದೆ. ಕಡಮೆ ವ್ಯಾಟಿನ ಎಲ್‌ಇಡಿ ಬಲ್ಬನ್ನೇ ಹಾಕಬೇಕು.

“ಒಂದಕ್ಕೆ ನಾಕು ದಿನ ಹಿಡೀತದೆ ಮೇಷ್ಟ್ರೇ. ಪೇಟೆಯೋರು ಬಂದು, ಒಂದು ಸೋರೆಕಾಯಿಗೆ ಇಷ್ಟು ರೂಪಾಯಾ ಅಂತಾರೆ” ಎಂದು ಆಕೆ ನಕ್ಕಳು. ಚೌಕಾಸಿ ಮಾಡಬೇಕೆಂದು ನಾನೂ ಮನಸ್ಸಿನಲ್ಲಿ ಒಂದು ಬೆಲೆಯನ್ನು ಗುಣಿಸಿಕೊಂಡು ಹೋಗಿದ್ದೆ. ಅದನ್ನು ಅಲ್ಲಿಯೇ ಮರೆತೆ.

ಅಜ್ಜಿಯ ಬುರುಡೆ

ಕೊನೆಗೆ ನನ್ನ ಚೀಲದಿಂದ ಅಜ್ಜಿಯ ಬುರುಡೆಯನ್ನು ತೆಗೆದುಕೊಟ್ಟು, ಇದರಲ್ಲೊಂದು ದೀಪ ಮಾಡಿಕೊಡು ಎಂದೆ. ಒಲೆಯ ಹೊಗೆಗೆ ಅದರ ಮೈ ನೇರಳೆಹಣ್ಣಿನಂತೆ ಮಿರುಗುತ್ತಿತ್ತು. ಬಾಯಿಗೆ ಬಟ್ಟೆ ತುರುಕಿ ಸಗಣಿ ಮೆತ್ತಿತ್ತು. ಆಕೆ ಗರಗಸ ಹಿಡಿಯಲಿಲ್ಲ. ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

“ಬೀಜ ಅವೆ ಒಳಗೆ. ಯಾರೋ ಮಡಗಿದ್ದು. ಇದನ್ನ ಕುಯ್ಯಬ್ಯಾಡಿ” ಎಂದು ನನ್ನ ಕೈಗೇ ಹಿಂದಕ್ಕೆ ಕೊಟ್ಟಳು.

ನನಗೆ ನಾಚಿಕೆಯಾಯಿತು. ಕನ್ನಡ ಎಂ.ಎ. ಓದಿ ಬುರುಡೆ ಎಂಬ ಶಬ್ದದ ಅರ್ಥಗಳನ್ನೆಲ್ಲ ತರಗತಿಯಲ್ಲಿ ಹೇಳಬಲ್ಲ ನಾನು, ಅದರೊಳಗೇನಿದೆಯೆಂದು ಒಮ್ಮೆ ಅಲ್ಲಾಡಿಸಿಯೂ ನೋಡಿರಲಿಲ್ಲ.

ಮನೆಗೆ ಬಂದು ತಾಯಿಯವರೊಡನೆ ಬಾಯಿಯ ಸಗಣಿಯನ್ನು ಬಿಡಿಸಿದೆವು. ಬೂದಿಯೊಡನೆ ಬೆರೆತ ಹೀರೆ, ಕುಂಬಳ, ಸೋರೆಯ ಬೀಜಗಳು ಮೊರಕ್ಕೆ ಸುರಿದವು. ಅಜ್ಜಿ ತೀರಿಕೊಂಡು ಒಂಬತ್ತು ವರ್ಷ. ತಮ್ಮ ಕೊನೆಯ ಸುಗ್ಗಿಯಲ್ಲಿ ಅವರು ಎತ್ತಿಟ್ಟ ಬೀಜಗಳವು. ಬಿತ್ತುವವರಾರೆಂದು ಅವರು ಕೇಳಿರಲಿಲ್ಲ. ಸೋರೆಯ ಬೀಜಗಳನ್ನು ಎಣಿಸಿದೆವು: 27. ಅಷ್ಟು ಹಳೆಯ ಬೀಜ ಮೊಳೆಯುವುದು ಅಪರೂಪವೆಂದು ಕೃಷಿ ಬಲ್ಲ ಮಿತ್ರರು ಎಚ್ಚರಿಸಿದರು. ಜೂನಿನ ಮಳೆಗೆ ತಾಯಿಯವರು ಎಲ್ಲವನ್ನೂ ಹಿತ್ತಿಲಿನಲ್ಲಿ ಊರಿದರು. ಇಪ್ಪತ್ತೈದು ಮಣ್ಣಾದವು. ಎರಡು ಮೊಳೆತವು. ಒಂದನ್ನು ಬಸವನಹುಳು ತಿಂದಿತು. ಉಳಿದದ್ದು ಕಾಂಪೌಂಡಿನ ಗೋಡೆ ಹತ್ತಿ ಪಕ್ಕದ ಮನೆಯವರ ಹಂಚಿಗೂ ಹಬ್ಬಿತು.

ಸೋರೆಯ ಹೂವು ಸಂಜೆಗೆ ಅರಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಬೆಳ್ಳಗೆ ಬಿರಿಯುವ ಆ ಹೂಗಳಿಗೆ ರಾತ್ರಿಯ ಪತಂಗಗಳು ಬರುತ್ತವೆ. ತಾಯಿಯವರು ಆ ವರ್ಷ ಸಂಜೆಯ ಹೊತ್ತು ದೂರದರ್ಶನದ ಧಾರಾವಾಹಿ ಬಿಟ್ಟು ಹಿತ್ತಿಲಲ್ಲೇ ಕೂರುತ್ತಿದ್ದರು. ಕಾಯಿ ಬಿಟ್ಟಾಗ ಮೊದಲನೆಯದರ ಒಂದು ಚೂರನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿದರು. ಇದು ಗೃಹಿಣಿಯರು ಮರೆಯಬಾರದ ಎಚ್ಚರಿಕೆ. ಫುಗು ಮೀನಿನ ಹೊಟ್ಟೆಯಲ್ಲಿ ವಿಷವಿರುವಂತೆ ಕಹಿಸೋರೆಯಲ್ಲೂ ವಿಷವಿದೆ. ಅದರ ರಸ ಕುಡಿದು ಸತ್ತವರೂ ಉಂಟು. ಕಹಿಯಾದದ್ದು ದೀಪಕ್ಕಾದೀತು, ಊಟಕ್ಕೆ ಸಲ್ಲದು. ನಮ್ಮದು ಸಿಹಿಯಾಗಿತ್ತು. ಒಟ್ಟು ನಾಲ್ಕು ಕಾಯಿ. ಎರಡು ಅಡುಗೆಗೆ, ಒಂದು ದೀಪಕ್ಕೆ, ಒಂದು ಬೀಜಕ್ಕೆ.

ದೀಪದ ಬುರುಡೆಯನ್ನು ಒಣಗಿಸಿ ಹಾಡಿಗೆ ಒಯ್ದೆ. ಆಕೆ ಅದರ ಮೇಲೆ ಜೇನುಹುಟ್ಟಿನ ಷಟ್ಕೋನಗಳನ್ನು ಕೊರೆದುಕೊಟ್ಟಳು. ಕೇಳಿದ ಹಣವನ್ನು ಕೊಟ್ಟು ತಂದೆ. ಈಗ ನಮ್ಮ ಪಡಸಾಲೆಯಲ್ಲಿ ಎರಡು ಬುರುಡೆಗಳು ತೂಗುತ್ತವೆ. ಒಂದು ಉರಿಯುತ್ತದೆ. ಇನ್ನೊಂದು ಅಜ್ಜಿಯದು, ಹೊಸ ಬೀಜ ತುಂಬಿಕೊಂಡು ಕತ್ತಲಲ್ಲೇ ಇದೆ.

ಮೊನ್ನೆ ಮೈಸೂರಿನ ಗೆಳೆಯರು ಸಂಸಾರಸಮೇತ ಬಂದಿದ್ದರು. ಸಂಜೆ ದೀಪ ಹಾಕಿದೊಡನೆ ಗೋಡೆಯ ತುಂಬ ಜೇನುಗೂಡಿನ ಬೆಳಕು ಹರಡಿತು. ಅವರ ಮಗಳು ಕೈತಟ್ಟಿ ಕುಣಿದಳು. ಗೆಳೆಯರು ಬಹಳ ಹೊತ್ತು ನೋಡಿ, “ನಮ್ಮ ಮೇಲುಮಹಡಿಗೂ ಇಂಥದೊಂದು ಬೇಕಲ್ಲ, ಅಮ್ಮಾ” ಎಂದರು.

ತಾಯಿಯವರು ಒಳಗೆ ಹೋಗಿ, ಹಳೆಯ ಪತ್ರಿಕೆಯ ತುಂಡಿನಲ್ಲಿ ಐದು ಬೀಜಗಳ ಪೊಟ್ಟಣ ಕಟ್ಟಿ ತಂದು ಮಗುವಿನ ಕೈಯಲ್ಲಿಟ್ಟರು. “ಮೊದಲು ಇದನ್ನ ಹಾಕಿ. ದೀಪ ಬರೋ ವರ್ಷ ಆಗುತ್ತೆ” ಎಂದರು.