ಸೈಕಲ್ ಟ್ರ್ಯಾಕ್ ತುಂಡಾಗೋದು ಎಲ್ಲಿ?

ಪುಣೆಯಲ್ಲಿ ನಾನು ಆಫೀಸಿಗೆ ಹೋಗೋದು ಸೈಕಲ್‌ನಲ್ಲೇ. ಹೋದ ಮಳೆಗಾಲ ಬಿದ್ದು ಮೊಣಕೈ ಮುರ್ಕೊಂಡೆ. ಟ್ರಾಫಿಕ್‌ನಲ್ಲಲ್ಲ ಮಾರಾಯ್ರೇ, ಸೈಕಲ್ ಟ್ರ್ಯಾಕ್ ಮೇಲೇ! ಒಂದು ಅಪಾರ್ಟ್‌ಮೆಂಟ್ ಗೇಟಿಗೋಸ್ಕರ ಟ್ರ್ಯಾಕನ್ನು ಇಳಿಸಿ ಮತ್ತೆ ಏರಿಸಿದ್ದರು.

ಪುಣೆ ಪಾಲಿಕೆ ಇಡೀ ಊರಿನ ಸೈಕಲ್ ಯೋಜನೆಯನ್ನು 2017ರಲ್ಲೇ ಒಪ್ಪಿದೆ. ನಕ್ಷೆಯಲ್ಲಿ ಟ್ರ್ಯಾಕ್ ಒಂದೇ ಗೆರೆ. ರಸ್ತೆಯಲ್ಲಿ ನೋಡಿದ್ರೆ ಗೇಟು, ಬಸ್ ಸ್ಟಾಪು, ಟ್ರಾನ್ಸ್‌ಫಾರ್ಮರ್, ವಡಾಪಾವ್ ಗಾಡಿ ಬಂದಲ್ಲೆಲ್ಲ ತುಂಡು. ಅದು ಗೊತ್ತಿರೋದು ಅಲ್ಲೇ ವಾಸ ಮಾಡೋರಿಗೆ. ಹಾಗಾಗಿ ಸೊಸೈಟಿಯವರು ಒಂದು ಭಾನುವಾರ ಉದ್ದಕ್ಕೂ ನಡೆದು, ಫೋಟೊ ತೆಗೆದು ವಾರ್ಡ್ ಆಫೀಸಿಗೆ ಕೊಟ್ವಿ. ಕೇಳಿದ್ದು ಎರಡೇ. ಗೇಟಿನ ಮುಂದೆ ಟ್ರ್ಯಾಕ್ ಮಟ್ಟ ಹಾಗೇ ಇರಲಿ, ಕಾರು ಹತ್ತಿ ಇಳಿಯಲಿ. ಬಸ್ ಸ್ಟಾಪ್ ಇರೋ ಕಡೆ ಟ್ರ್ಯಾಕ್ ಅದರ ಹಿಂದಿನಿಂದ ಹೋಗಲಿ.

ಕೇಳೋದಕ್ಕೂ ಟೈಮ್ ಇದೆ. ನಾಗರಿಕರೇ ಬಜೆಟ್‌ಗೆ ಕೆಲಸ ಸೂಚಿಸೋ ವ್ಯವಸ್ಥೆ ಇಲ್ಲಿ 2006ರಿಂದ ಇದೆ. ಅರ್ಜಿ ಬಜೆಟ್‌ಗೆ ತಿಂಗಳುಗಳ ಮುಂಚೆಯೇ ಹೋಗಬೇಕು. ರಸ್ತೆ ಅಗೆದ ಮೇಲೆ ಹೋದ್ರೆ ಟೆಂಡರ್ ಆಗೋಯ್ತು ಅಂತಾರೆ, ಅಷ್ಟೆ.

ಬಸ್ ಸ್ಟಾಪ್ ಹಿಂದೆ ಜಾಗ ಬೇಕಂದ್ರೆ ರಸ್ತೆ ಬದಿ ಪಾರ್ಕಿಂಗ್ ಹೋಗಬೇಕು. ಜಗಳ ಶುರುವಾಗಿದ್ದೇ ಇಲ್ಲಿ, ಅದೂ ಸೊಸೈಟಿ ಒಳಗೇ. ನಿಜ ಹೇಳ್ಬೇಕಂದ್ರೆ ನಮ್ಮ ಕಾರೂ ಅಲ್ಲೇ ನಿಲ್ಲೋದು. ಮುಂದಿನ ಮೀಟಿಂಗ್‌ನಲ್ಲಿ ಮೊದಲು ನನ್ನನ್ನೇ ಕೇಳ್ತಾರೆ.