ದೊಡ್ಡ ಚಿತ್ರಕ್ಕೆ ಎಷ್ಟು ಚುಕ್ಕಿಗಳು ಬೇಕು?

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಅವರ ಭಾವಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿ. ಆ ಹೊತ್ತಿಗೆ ಕೈಗೆ ಸಿಗುವುದಾದರೋ ಎಂತಹ ಚಿತ್ರ? ಯಾವುದೋ ಮದುವೆಯಲ್ಲಿ ಯಾರೋ ಫೋನಿನಲ್ಲಿ ತೆಗೆದು, ಮತ್ತಾರಿಗೋ ಕಳುಹಿಸಿ, ಅಲ್ಲಿಂದ ಕೈ ಬದಲಿಸುತ್ತ ಬಂದ ಚಿತ್ರ. ಸ್ಟುಡಿಯೋದವರು ಅದನ್ನು ನೋಡಿ, 'ಇಷ್ಟು ದೊಡ್ಡದು ಮಾಡಿದರೆ ಫೋಟೋ ಒಡೆಯುತ್ತದೆ' ಎಂದು ತಲೆಯಲ್ಲಾಡಿಸುತ್ತಾರೆ. ಆದರೆ ಅದೇ ಬೀದಿಯ ತಿರುವಿನಲ್ಲಿ, ಅಂತಹುದೇ ಫೋನಿನಲ್ಲಿ ತೆಗೆದ ಮುಖವೊಂದು ಇಪ್ಪತ್ತು ಅಡಿಯ ಫ್ಲೆಕ್ಸಿನ ಮೇಲೆ ಚೊಕ್ಕವಾಗಿಯೇ ನಗುತ್ತಿರುತ್ತದೆ. ಎರಡು ಅಡಿಗೆ ಒಡೆಯುವ ಚಿತ್ರ ಇಪ್ಪತ್ತು ಅಡಿಗೆ ಒಡೆಯದಿರುವುದು ಸೋಜಿಗವಲ್ಲವೆ?

ಉತ್ತರವನ್ನು ಕ್ಯಾಮೆರಾದಲ್ಲಿ ಹುಡುಕುವುದಕ್ಕೆ ಮೊದಲು ನಮ್ಮ ಕಣ್ಣಿನಲ್ಲಿ ಹುಡುಕಬೇಕು.

ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಮಗ್ಗುಲಲ್ಲಿರುವ ಅರುಂಧತಿಯನ್ನು ನವದಂಪತಿಗಳಿಗೆ ತೋರಿಸುವ ಸಂಪ್ರದಾಯವನ್ನು ಅರಿಯದವರಾರು? ಈ ಎರಡು ನಕ್ಷತ್ರಗಳ ನಡುವಣ ಕೋನ ಸುಮಾರು 12 ಮಿನಿಟು. ಒಂದು ಡಿಗ್ರಿಯಲ್ಲಿ 60 ಮಿನಿಟುಗಳು; ನಮ್ಮ ಪ್ರಾಚೀನ ಜ್ಯೋತಿಷ ಗ್ರಂಥಗಳು ಇದನ್ನೇ 'ಕಲೆ' ಎನ್ನುತ್ತವೆ. 12 ಮಿನಿಟುಗಳ ಅಂತರವನ್ನು ಒಳ್ಳೆಯ ಕಣ್ಣು ಸುಲಭವಾಗಿ ಬಿಡಿಸಿ ನೋಡಬಲ್ಲುದು. ಆದರೆ ವಸಿಷ್ಠನೇ ಎರಡು ನಕ್ಷತ್ರಗಳ ಜೋಡಿ. ಅವುಗಳ ನಡುವೆ ಇರುವುದು ಕಾಲು ಮಿನಿಟಿಗಿಂತಲೂ ಕಡಿಮೆ ಅಂತರವಾದುದರಿಂದ ದೂರದರ್ಶಕವಿಲ್ಲದೆ ಆ ಜೋಡಿಯನ್ನು ಕಾಣಲಾಗದು. ಇವೆರಡರ ನಡುವೆ ಎಲ್ಲಿಯೋ ನಮ್ಮ ಕಣ್ಣಿನ ಎಲ್ಲೆ ಇದೆ. ಆ ಎಲ್ಲೆಯನ್ನು ವೈದ್ಯರು ಸ್ಥೂಲವಾಗಿ ಒಂದು ಮಿನಿಟು ಎಂದು ಎಣಿಸುತ್ತಾರೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಹರ್ಮನ್ ಸ್ನೆಲೆನ್ 1862ರಲ್ಲಿ ರಚಿಸಿದ ಅಕ್ಷರಫಲಕ ಇಂದಿಗೂ ಕಣ್ಣಿನ ಆಸ್ಪತ್ರೆಗಳ ಗೋಡೆಯ ಮೇಲಿದೆ. 6 ಮೀಟರ್ ದೂರದಿಂದ ಸರಿಯಾದ ಕಣ್ಣು ಓದಬೇಕಾದ ಸಾಲಿನ ಅಕ್ಷರಗಳ ಎತ್ತರ 5 ಮಿನಿಟು, ಅವುಗಳ ಗೆರೆಯ ದಪ್ಪ 1 ಮಿನಿಟು. ಇದಕ್ಕೆ ಆಧಾರ ಅಕ್ಷಿಪಟದ ರಚನೆಯಲ್ಲಿಯೇ ಇದೆ. ಅದರ ನಡುವಣ ಕುಳಿಯಲ್ಲಿ ಬೆಳಕನ್ನು ಗ್ರಹಿಸುವ ಶಂಕು ಕೋಶಗಳು ಸುಮಾರು ಅರ್ಧ ಮಿನಿಟಿಗೊಂದರಂತೆ ಒತ್ತಾಗಿ ಕುಳಿತಿವೆ. ಎರಡು ಚುಕ್ಕಿಗಳು ಬೇರೆಬೇರೆ ಎಂದು ತೋರಬೇಕಾದರೆ, ಅವುಗಳ ಬಿಂಬಗಳ ನಡುವೆ ಕತ್ತಲಲ್ಲಿರುವ ಒಂದು ಕೋಶವಾದರೂ ಬೇಡವೆ? ಎಳೆಯ, ಆರೋಗ್ಯವಂತ ಕಣ್ಣುಗಳು ಒಳ್ಳೆಯ ಬೆಳಕಿನಲ್ಲಿ ಇದಕ್ಕಿಂತ ಸೂಕ್ಷ್ಮವಾಗಿಯೂ ನೋಡಬಲ್ಲವು. ಆದರೂ ಲೆಕ್ಕಕ್ಕೆ ಒಂದು ಮಿನಿಟು ಸಾಕು.

ಇನ್ನು ಲೆಕ್ಕ. ಒಂದು ವಸ್ತು ಕಣ್ಣಿನಲ್ಲಿ ಒಂದು ಮಿನಿಟಿನ ಕೋನವನ್ನು ಮಾಡಬೇಕಾದರೆ ಅದು ತನ್ನ ಅಗಲದ 3438ರಷ್ಟು ದೂರದಲ್ಲಿರಬೇಕು. ತ್ರಿಕೋನಮಿತಿಯನ್ನು ಓದುತ್ತಿರುವವರು ಈ ಸಂಖ್ಯೆಯನ್ನು ಗಮನಿಸಬೇಕು. ಕ್ರಿ.ಶ. 499ರ ಆರ್ಯಭಟನ ಜ್ಯಾಕೋಷ್ಟಕದಲ್ಲಿ ವೃತ್ತದ ತ್ರಿಜ್ಯವೂ 3438 ಕಲೆಗಳೇ! ಪರಿಧಿಯ 21,600 ಮಿನಿಟುಗಳನ್ನು ಎರಡು ಪೈಯಿಂದ ಭಾಗಿಸಿದರೆ ದೊರೆಯುವುದು ಇದೇ ಸಂಖ್ಯೆ.

ಹಾಗಾದರೆ ನೋಡುವ ದೂರವನ್ನು 3438ರಿಂದ ಭಾಗಿಸಿದರೆ, ಆ ದೂರದಲ್ಲಿ ಕಣ್ಣು ಗುರುತಿಸಬಲ್ಲ ಅತಿ ಸಣ್ಣ ಚುಕ್ಕಿಯ ಅಗಲ ತಿಳಿಯುವುದು. ಪುಸ್ತಕವನ್ನು ಹಿಡಿಯುವ 30 ಸೆಂಟಿಮೀಟರ್ ದೂರದಲ್ಲಿ ಅದು 0.087 ಮಿಲಿಮೀಟರ್, ಅಂದರೆ ಅಂಗುಲಕ್ಕೆ 291 ಚುಕ್ಕಿ. 'ಅಂಗುಲಕ್ಕೆ ಮುನ್ನೂರು ಇರಬೇಕು' ಎಂದು ಮುದ್ರಕರು ಮಂತ್ರದಂತೆ ಹೇಳುವುದು ಇದಕ್ಕೆ ಎಷ್ಟು ಸಮೀಪವಾಗಿದೆ ನೋಡಿರಿ. (ಅವರ ಮಂತ್ರಕ್ಕೆ ಬೇರೊಂದು ಮೂಲವೂ ಉಂಟು. ನಯವಾದ ಕಾಗದದ ಪತ್ರಿಕೆಗಳಲ್ಲಿ ಚಿತ್ರಗಳನ್ನು ಅಂಗುಲಕ್ಕೆ 150 ಸಾಲು ಮಸಿಯ ಬೊಟ್ಟುಗಳಾಗಿ ಒಡೆದು ಅಚ್ಚು ಮಾಡುತ್ತಾರೆ. ಅದರ ಎರಡರಷ್ಟು ಪಿಕ್ಸೆಲ್ ಇರಲಿ ಎಂಬುದು ಅಚ್ಚುಕೂಟದ ವಾಡಿಕೆ.) ಆದರೆ ಈ ಮುನ್ನೂರು ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಮಾತ್ರ ಸಲ್ಲುವ ಸಂಖ್ಯೆ. 60 ಸೆಂಟಿಮೀಟರ್ ದೂರಕ್ಕೆ ಅಂಗುಲಕ್ಕೆ ಸುಮಾರು 146 ಚುಕ್ಕಿ ಸಾಕು. 3 ಮೀಟರ್ ದೂರಕ್ಕೆ 29. 30 ಮೀಟರ್ ದೂರಕ್ಕೆ ಮೂರೇ ಮೂರು.

ಇದಕ್ಕೆ ಒಂದು ಭವ್ಯವಾದ ನಿದರ್ಶನವಿದೆ. 1950ರಿಂದ 1990ರವರೆಗೆ ನ್ಯೂಯಾರ್ಕ್ ನಗರದ ಗ್ರ್ಯಾಂಡ್ ಸೆಂಟ್ರಲ್ ರೈಲುನಿಲ್ದಾಣದಲ್ಲಿ ಕೊಡಕ್ ಕಂಪನಿಯು 'ಕಲರಾಮಾ' ಎಂಬ ಹೆಸರಿನಲ್ಲಿ, ಹಿಂದಿನಿಂದ ಬೆಳಕು ಹಾಯಿಸಿದ ಬಣ್ಣದ ಛಾಯಾಚಿತ್ರಗಳನ್ನು ಪ್ರದರ್ಶಿಸುತ್ತಿತ್ತು. ಒಂದೊಂದರ ಎತ್ತರ 18 ಅಡಿ, ಅಗಲ 60 ಅಡಿ! ನೂರು ಅಡಿ ದೂರದಲ್ಲಿ ನಿಂತು ನೋಡುವ ಪ್ರಯಾಣಿಕನೊಬ್ಬನನ್ನು ಭಾವಿಸೋಣ. ಅಲ್ಲಿಂದ ಅವನ ಕಣ್ಣು ಗುರುತಿಸಬಲ್ಲ ಚುಕ್ಕಿಯ ಅಗಲ ಸುಮಾರು 9 ಮಿಲಿಮೀಟರ್. ಹಾಗಾಗಿ 60 ಅಡಿಗೆ ಅವನಿಗೆ ಬೇಕಾದವು ಸುಮಾರು 2060 ಚುಕ್ಕಿ, 18 ಅಡಿಗೆ 620. ಗುಣಿಸಿದರೆ ಒಟ್ಟು ಹದಿಮೂರು ಲಕ್ಷವೂ ಆಗದು. ಕೊಡಕ್‌ನವರು ದೊಡ್ಡ ಅಳತೆಯ ಫಿಲ್ಮನ್ನೇ ಹೆಚ್ಚಾಗಿ ಬಳಸಿದರೆಂಬುದು ನಿಜ. ಆದರೆ ದೂರದ ಪ್ರಯಾಣಿಕನ ಕಣ್ಣು ಕೇಳಿದ್ದು ಇಷ್ಟನ್ನೇ. 2015ರಲ್ಲಿ ಆ್ಯಪಲ್ ಕಂಪನಿಯು ತನ್ನ ಐಫೋನ್ 6ರಲ್ಲಿ ತೆಗೆದ ಚಿತ್ರಗಳನ್ನು ಹಲವು ದೇಶಗಳ ನಗರಗಳಲ್ಲಿ ಭಾರಿ ಜಾಹೀರಾತು ಫಲಕಗಳ ಮೇಲೆ ಮೆರೆಸಿತು. ಆ ಫೋನಿನ ಕ್ಯಾಮೆರಾದಲ್ಲಿದ್ದುದು 80 ಲಕ್ಷ ಪಿಕ್ಸೆಲ್.

ಇಲ್ಲಿ ಒಂದು ಸ್ವಾರಸ್ಯವಿದೆ. ಒಂದು ಚಿತ್ರವನ್ನು ಇಡಿಯಾಗಿ ನೋಡಬೇಕೆಂದಾಗ ನಾವು ಹೆಚ್ಚುಕಡಿಮೆ ಅದರ ಕರ್ಣದಷ್ಟು ದೂರಕ್ಕೆ ಸರಿದು ನಿಲ್ಲುತ್ತೇವೆ; ಚಿತ್ರ ದೊಡ್ಡದಾದಂತೆ ದೂರವೂ ಹೆಚ್ಚುವುದು. ಅಗಲ ಎತ್ತರಗಳು 3:2ರ ಪ್ರಮಾಣದಲ್ಲಿದ್ದರೆ, ಕರ್ಣದಷ್ಟು ದೂರದಿಂದ ಬೇಕಾಗುವ ಚುಕ್ಕಿಗಳು ಸುಮಾರು 2860 ಮತ್ತು 1907, ಒಟ್ಟು 55 ಲಕ್ಷ. ಚಿತ್ರವು ಅಂಚೆಕಾರ್ಡಿನಷ್ಟಿರಲಿ, ಗೋಡೆಯಷ್ಟಿರಲಿ, ಈ ಸಂಖ್ಯೆ ಬದಲಾಗದು! (ಅಂಚೆಕಾರ್ಡನ್ನು ಕಣ್ಣಿಗೆ ಅಷ್ಟು ಹತ್ತಿರ ಹಿಡಿಯಲಾಗದೆಂಬುದು ಬೇರೆ ಮಾತು.)

ಆದರೆ ನೋಡುವವರು ದೂರ ನಿಲ್ಲದೆಹೋದರೆ? ಶಾಲೆಯ ಗುಂಪುಚಿತ್ರವನ್ನು ತೆಗೆದುಕೊಳ್ಳಿರಿ. ಒಂದು ಸಾಲಿನಲ್ಲಿ ಇಪ್ಪತ್ತು ಮಂದಿ, ಚಿತ್ರದ ಅಗಲಕ್ಕೆ 3600 ಪಿಕ್ಸೆಲ್. ಒಬ್ಬೊಬ್ಬರಿಗೆ 180 ಪಿಕ್ಸೆಲ್ ದಕ್ಕಿತು. ಭುಜದ ಅಗಲದ ಮೂರರಲ್ಲೊಂದು ಪಾಲು ಮುಖವೆಂದರೆ, ಮುಖಕ್ಕೆ ಉಳಿದವು 60. ಇದನ್ನು ಮೂರು ಅಡಿ ಅಗಲಕ್ಕೆ ಹಿಗ್ಗಿಸಿ ತೂಗುಹಾಕಿದರೆ, ಯಾರೂ ಅದನ್ನು ಕರ್ಣದ ದೂರದಲ್ಲಿ ನಿಂತು ನೋಡುವುದಿಲ್ಲ. ಎಲ್ಲರೂ ಮೂಗು ತಾಗುವಷ್ಟು ಹತ್ತಿರ ಹೋಗಿ ತಮ್ಮ ಮುಖವನ್ನೇ ಹುಡುಕುತ್ತಾರೆ. ಆಗ ಕಾಲು ಮಿಲಿಮೀಟರಿನ ಚೌಕಗಳು ಒಡೆದುಕಾಣುವುವು. ನಕ್ಷೆಗಳ, ಹಳೆಯ ಹಸ್ತಪ್ರತಿಗಳ ಪ್ರತಿಗಳಿಗೂ ಇದೇ ಕಷ್ಟ.

ಅಂತಹ ಕಡೆ ಹೆಚ್ಚು ಪಿಕ್ಸೆಲುಗಳ ಫೋನನ್ನು ಕೊಂಡರೆ ತೀರಿತಲ್ಲವೆ ಎಂದು ಯಾರಾದರೂ ಕೇಳಬಹುದು. ಪೂರ್ತಿ ತೀರದು. 2021ರಲ್ಲಿ 20 ಕೋಟಿ ಪಿಕ್ಸೆಲುಗಳ ಫೋನ್ ಸಂವೇದಕವೊಂದು ಪ್ರಕಟವಾಯಿತು; ಅದರ ಒಂದೊಂದು ಪಿಕ್ಸೆಲಿನ ಅಗಲ 0.64 ಮೈಕ್ರಾನ್. ಆದರೆ ಬೆಳಕು ಅಲೆಯಾದುದರಿಂದ, ಎಷ್ಟೇ ಒಳ್ಳೆಯ ಮಸೂರವೂ ಒಂದು ಬಿಂದುವನ್ನು ಬಿಂದುವಾಗಿಯೇ ಮೂಡಿಸಲಾರದು. ಸಣ್ಣದೊಂದು ಬಿಲ್ಲೆಯಾಗಿ ಹರಡುವುದು. ಫೋನುಗಳಲ್ಲಿ ಬಳಕೆಯಲ್ಲಿರುವ ಎಫ್/1.8ರ ದ್ವಾರದಲ್ಲಿ ಹಸಿರು ಬೆಳಕಿನ ಈ ಬಿಲ್ಲೆಯ ಅಗಲ ಸುಮಾರು 2.4 ಮೈಕ್ರಾನ್. ಒಂದು ಬಿಂದುವಿನ ಬೆಳಕು ಹೆಚ್ಚುಕಡಿಮೆ ನಾಲ್ಕು ಪಿಕ್ಸೆಲುಗಳ ಅಗಲಕ್ಕೆ ಚಾಚಿಕೊಂಡಿತು! ಕೈ ನಡುಕ, ಮಂದಬೆಳಕು ಬೇರೆ. ಅಂತಹ ಫೋನುಗಳು ಸಾಮಾನ್ಯವಾಗಿ ಹದಿನಾರು ಪಿಕ್ಸೆಲುಗಳನ್ನು ಒಂದಾಗಿ ಕೂಡಿಸಿಯೇ ಚಿತ್ರವನ್ನು ಒಪ್ಪಿಸುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಸ್ಟುಡಿಯೋದವರ ಮಾತನ್ನು ಪರೀಕ್ಷಿಸೋಣ. ಸಂದೇಶದ ಆ್ಯಪ್‌ಗಳ ಮೂಲಕ ಹಾದುಬಂದ ಚಿತ್ರ 1600 ಮತ್ತು 1200 ಪಿಕ್ಸೆಲಿಗೆ ಇಳಿದಿದೆಯೆನ್ನಿ. 24 ಅಂಗುಲ ಎತ್ತರಕ್ಕೆ ಹಿಗ್ಗಿಸಿದರೆ ಒಂದು ಚುಕ್ಕಿ 0.38 ಮಿಲಿಮೀಟರ್ ಆಗುವುದು. ಅದನ್ನು 3438ರಿಂದ ಗುಣಿಸಿದರೆ 1.3 ಮೀಟರ್, ಅಂದರೆ ನಾಲ್ಕು ಅಡಿಗಿಂತ ತುಸು ಹೆಚ್ಚು. ಬಾಗಿಲ ಮೇಲಣ ಗೋಡೆಯಲ್ಲಿ ತೂಗುವ ಚಿತ್ರ ಐದಾರು ಅಡಿಯಿಂದ ಒಡೆದು ಕಾಣದು. ಮೇಜಿನ ಮೇಲಿಟ್ಟರೆ ಸ್ಟುಡಿಯೋದವರ ಮಾತೇ ಸರಿ. ಕಡತದೊಳಗೆ ಬರೆದಿರುವ '72' ಅಥವಾ '300' ಎಂಬ ಸಂಖ್ಯೆ ಕೇವಲ ಚೀಟಿ. ಅದನ್ನು ತಿದ್ದಿದ ಮಾತ್ರಕ್ಕೆ ಒಂದು ಚುಕ್ಕಿಯೂ ಹೆಚ್ಚುವುದಿಲ್ಲ.

ಕಂಪ್ಯೂಟರಿನಿಂದ ಚುಕ್ಕಿಗಳನ್ನು ಹೆಚ್ಚಿಸಬಹುದೆಂಬುದು ನಿಜ. ಹಳೆಯ ವಿಧಾನವು ಅಕ್ಕಪಕ್ಕದ ಚುಕ್ಕಿಗಳ ಸರಾಸರಿಯನ್ನು ನಡುವೆ ತುಂಬುವುದು. ಚೌಕಗಳು ಮರೆಯಾಗಿ ಚಿತ್ರ ನಯವಾಗುವುದು, ಹೊಸ ವಿವರವೇನೂ ಬಾರದು. ಅದರಿಂದ ಕೇಡಿಲ್ಲ. ಕೃತಕ ಬುದ್ಧಿಮತ್ತೆಯ ಹೊಸ ವಿಧಾನದ ಬಗೆ ಬೇರೆ. ಅಸಂಖ್ಯಾತ ಮುಖಗಳಿಂದ ಕಲಿತ ಅದು, ಮಸುಕಾದ ಕಣ್ಣಿಗೆ ರೆಪ್ಪೆಗಳನ್ನೂ ಕೆನ್ನೆಗೆ ಸುಕ್ಕುಗಳನ್ನೂ ತಾನೇ ಊಹಿಸಿ ಬರೆಯುವುದು. ಮರದ ಎಲೆಗಳಿಗೆ, ಗುಡ್ಡದ ಹುಲ್ಲಿಗೆ ಇದು ಒಪ್ಪಬಹುದು. ಆದರೆ ಅಜ್ಜಿಯ ಹುಬ್ಬಿನ ಬಳಿಯಿದ್ದ ಮಚ್ಚೆ ನಾಲ್ಕು ಚುಕ್ಕಿಗಳಲ್ಲಿ ಕರಗಿಹೋಗಿದ್ದರೆ, ಯಂತ್ರ ಅದನ್ನು ಅರಿಯದು, ಒರೆಸಿಬಿಡುವುದು. ಗೋಡೆಯ ಮೇಲೆ ಸ್ಫುಟವಾದ, ಸುಂದರವಾದ, ಅಜ್ಜಿಯದಲ್ಲದ ಮುಖವೊಂದು ಉಳಿಯುವುದು. ಹತ್ತು ವರ್ಷದ ತರುವಾಯ ಮೊಮ್ಮಕ್ಕಳು ಅದನ್ನೇ ಅಜ್ಜಿಯೆಂದು ನಂಬುವರು. ನಮ್ಮ ಅಭಿಪ್ರಾಯದಲ್ಲಿ ತುಸು ಮಸುಕಾದ ನಿಜವಾದ ಮುಖವೇ ಲೇಸು.

ಆದುದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಮೂಲವನ್ನು ಹುಡುಕುವುದು. ಚಿತ್ರ ತೆಗೆದವರ ಫೋನಿನಲ್ಲಿ ಇಡೀ ಕಡತ ಇನ್ನೂ ಇರಬಹುದು. ಅದನ್ನು ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಲು ಕೇಳಬೇಕು. ಕಾಗದದ ಹಳೆಯ ಪ್ರತಿಯಿದ್ದರೆ ಅದರ ಫೋನ್‌ಚಿತ್ರ ತೆಗೆಯುವುದಕ್ಕಿಂತ ಸ್ಕ್ಯಾನ್ ಮಾಡಿಸುವುದು ಮೇಲು. 4 ಮತ್ತು 6 ಅಂಗುಲದ ಪ್ರತಿಯನ್ನು ಅಂಗುಲಕ್ಕೆ 600ರಂತೆ ಸ್ಕ್ಯಾನ್ ಮಾಡಿದರೆ 86 ಲಕ್ಷ ಚುಕ್ಕಿಗಳು ದೊರೆಯುವುವು. ಅದನ್ನು 16 ಮತ್ತು 24 ಅಂಗುಲಕ್ಕೆ ಹಿಗ್ಗಿಸಿದಾಗ ಅಂಗುಲಕ್ಕೆ 150 ಉಳಿದು, ಎರಡು ಅಡಿ ದೂರದಿಂದ ನೋಡಲು ಸಾಕಾಗುವುದು. ಇನ್ನು ಹಳೆಯ ಟ್ರಂಕಿನ ತಳದಲ್ಲಿ ಆ ಚಿತ್ರದ ನೆಗೆಟಿವ್ ಉಳಿದಿದ್ದರಂತೂ ಭಾಗ್ಯವೇ ಸರಿ. 24 ಮತ್ತು 36 ಮಿಲಿಮೀಟರಿನ ಆ ಸಣ್ಣ ತುಂಡನ್ನು ಅಂಗುಲಕ್ಕೆ 2400ರಂತೆ ಸ್ಕ್ಯಾನ್ ಮಾಡಬಲ್ಲವರ ಬಳಿಗೆ, ಬೆರಳಿನ ಗುರುತು ತಾಗದಂತೆ ಅಂಚಿನಲ್ಲಿ ಹಿಡಿದು ಒಯ್ಯಬೇಕು.