ವಾರ್ಡ್ ಬದಲಾದರೂ ಪರದೆ ಅದೇ!

ಪ್ರಶ್ನೆ: ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರು ಒಂದು ವಾರ್ಡಿನಲ್ಲಿ ಅರ್ಧ ಬರೆದ ಟಿಪ್ಪಣಿ ಇನ್ನೊಂದು ವಾರ್ಡಿನ ಕಂಪ್ಯೂಟರಿನಲ್ಲಿ ಹಾಗೇ ತೆರೆದುಕೊಳ್ಳುವುದು ಹೇಗೆ?

ಟಿಪ್ಪಣಿ ಬರೆಯುವ ತಂತ್ರಾಂಶ ವಾರ್ಡಿನ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಅದು ಓಡುವುದು ಸರ್ವರ್‌ನಲ್ಲಿ. ದರ್ಶಿನಿಯಲ್ಲಿ ಒಲೆ ಒಳಗೇ ಇರುತ್ತದೆ, ಟೋಕನ್ ಕೊಟ್ಟರೆ ದೋಸೆ ಹೊರಬರುತ್ತದಲ್ಲ, ಹಾಗೆ. ವೈದ್ಯರು ಒತ್ತಿದ ಕೀ, ಆಡಿಸಿದ ಮೌಸ್ ಇವುಗಳ ಸುದ್ದಿ ಸರ್ವರ್‌ಗೆ ಹೋಗುತ್ತದೆ. ಪರದೆಯಲ್ಲಿ ಬದಲಾದ ಭಾಗದ ಚಿತ್ರವಷ್ಟೇ ಮರಳಿ ಬರುತ್ತದೆ. ಅವರು ಎದ್ದು ಹೋದರೂ ಸೆಷನ್ ಸರ್ವರ್‌ನಲ್ಲಿ ಜೀವಂತವಾಗಿರುತ್ತದೆ. ಬೇರೆಡೆ ಲಾಗಿನ್ ಆದೊಡನೆ ಅದೇ ಚಿತ್ರ ಅಲ್ಲಿಗೆ ತಿರುಗುತ್ತದೆ. ಮೈಕ್ರೋಸಾಫ್ಟ್ 1998ರಲ್ಲೇ ವಿಂಡೋಸ್‌ಗೆ ಇಂಥ ಟರ್ಮಿನಲ್ ಸರ್ವರ್ ತಂದಿತ್ತು.

ವಿಶ್ವವಿದ್ಯಾಲಯಗಳಲ್ಲೂ ಇದೇ ಉಪಾಯ: ಹಾಸ್ಟೆಲಿನ ಬಡಕಲು ಲ್ಯಾಪ್‌ಟಾಪ್‌ನಲ್ಲಿ ಮ್ಯಾಟ್‌ಲ್ಯಾಬ್‌ನಂಥ ಭಾರೀ ಗಣಿತ ತಂತ್ರಾಂಶ ತೆರೆದುಕೊಳ್ಳುತ್ತದೆ. ವೈದ್ಯಕೀಯ ಕಾಲೇಜಿರುವ ಕಡೆ ಆಸ್ಪತ್ರೆಯವರಿಗೂ ವಿದ್ಯಾರ್ಥಿಗಳಿಗೂ ಒಂದೇ ವ್ಯವಸ್ಥೆ ಮಾಡುವಾಗ ಲೆಕ್ಕ ಹಾಕಬೇಕಾದದ್ದು ಒಟ್ಟು ಬಳಕೆದಾರರನ್ನಲ್ಲ, ಏಕಕಾಲಕ್ಕೆ ಬರುವವರನ್ನು. ಆಸ್ಪತ್ರೆಯಲ್ಲಿ ನೂಕುನುಗ್ಗಲು ಬೆಳಿಗ್ಗೆ ಪಾಳಿ ಬದಲಾಗುವಾಗ, ಎಲ್ಲರೂ ಒಟ್ಟಿಗೆ ಲಾಗಿನ್ ಆದಾಗ. ವಿದ್ಯಾರ್ಥಿಗಳದ್ದು, ಕೇಳಬೇಕೆ, ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿ! ಹೊತ್ತು ಬೇರೆಯಾದ್ದರಿಂದ ಯಂತ್ರಬಲ ಹಂಚಿಕೊಳ್ಳಬಹುದು. ರೋಗಿಗಳ ದಾಖಲೆಯ ತಂತ್ರಾಂಶಕ್ಕೆ ಮಾತ್ರ ಪ್ರತ್ಯೇಕ ಸರ್ವರ್, ಪ್ರತ್ಯೇಕ ಅನುಮತಿ ಬೇಕೇ ಬೇಕು.

ಎಲ್ಲವೂ ಸರ್ವರ್‌ನಲ್ಲೇ ಇರುವುದರಿಂದ, ಜಾಲ ನಿಧಾನವಾದರೆ ಟೈಪಿಸಿದ ಅಕ್ಷರ ತಡವರಿಸಿ ಮೂಡುತ್ತದೆ. ಜಾಲವೇ ಕಡಿದುಹೋದರೆ ಕೆಲಸ ನಿಂತಂತೆಯೇ. ಹಾಗಾಗಿ ವಾರ್ಡಿನಲ್ಲಿ ಕಾಗದದ ಕೇಸ್‌ಶೀಟ್ ಒಂದಿಷ್ಟು ಇಟ್ಟುಕೊಂಡಿರುತ್ತಾರೆ.